ಏಜೆಂಟರಿಗೆ ಬರೆಯುವ ಒಂದು ಪುಟ

ಕನ್ನಡದಲ್ಲಿ ಏಜೆಂಟ್ ಎಂದರೆ ತಕ್ಷಣ ನೆನಪಾಗುವವರು ಎಲ್‌ಐಸಿಯವರು, ಬೆಳಗಿನ ಪೇಪರ್ ಹಂಚುವವರು, ಬಸ್ ಸ್ಟ್ಯಾಂಡಿನಲ್ಲಿ ನಿಂತು ಊರಿನ ಹೆಸರು ಕೂಗುವವರು. ಸಾಹಿತ್ಯಕ್ಕೂ ಒಬ್ಬ ಏಜೆಂಟ್ ಇರಬಹುದು ಎಂಬುದು ನಮ್ಮ ಕಲ್ಪನೆಯಲ್ಲೇ ಇರಲಿಲ್ಲ, ಅದರ ಅಗತ್ಯವೂ ಬಿದ್ದಿರಲಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕಾರಂತರು ಪುತ್ತೂರಿನಲ್ಲಿ ತಮ್ಮದೇ ಮುದ್ರಣಾಲಯ ನಡೆಸಿದರು. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರು ಮಾಡಿದಾಗ ಚಂದಾದಾರರನ್ನು ನಂಬಿಕೊಂಡೇ ಶುರು ಮಾಡಿದ್ದು. ಇವತ್ತಿಗೂ ನಮ್ಮಲ್ಲಿ ಲೇಖಕ ನೇರವಾಗಿ ಪ್ರಕಾಶಕರಿಗೆ ಫೋನ್ ಮಾಡುತ್ತಾನೆ. ಇಬ್ಬರಿಗೂ ಪರಿಚಯದವರೊಬ್ಬರು ನಡುವೆ ಒಂದು ಮಾತು ಹೇಳಿದರೆ ಕೆಲಸ ಇನ್ನೂ ಸಲೀಸು.

2025ರ ಮೇ 20ರಂದು ಲಂಡನ್ನಿನಲ್ಲಿ ಬಾನು ಮುಷ್ತಾಕ್ ಮತ್ತು ದೀಪಾ ಭಸ್ತಿ ಅವರಿಗೆ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ಬಂದ ಮೇಲೆ ನನಗೆ ಬರುವ ಫೋನ್‌ಗಳ ಧಾಟಿ ಬದಲಾಗಿದೆ. ಮೊದಲು "ಇದನ್ನು ಇಂಗ್ಲಿಷಿಗೆ ಮಾಡುವವರು ಯಾರಾದರೂ ಇದ್ದಾರಾ?" ಎಂದು ಕೇಳುತ್ತಿದ್ದವರು ಈಗ "ಒಬ್ಬ ಒಳ್ಳೇ ಏಜೆಂಟ್ ನಂಬರ್ ಕೊಡಿ ಮೇಡಂ" ಎನ್ನುತ್ತಾರೆ. ಅನುವಾದಕ್ಕೆ ಬರುವ ಮೊದಲು ಮೂರು ವರ್ಷ ನಾನು ದೆಹಲಿಯ ಒಂದು ಸಾಹಿತ್ಯ ಏಜೆನ್ಸಿಯಲ್ಲಿ ಕೆಲಸ ಮಾಡಿದ್ದೆ. ಬಂದ ಇಮೇಲುಗಳನ್ನೆಲ್ಲ ಮೊದಲು ಓದಿ, ಏಜೆಂಟರ ಮುಂದೆ ಇಡಬೇಕಾದ್ದನ್ನು ಆರಿಸುವುದು ನನ್ನ ಪಾಲಿನ ಕೆಲಸ. ಆ ಮೂರು ವರ್ಷ ಓದಿದ ಕಾಗದಗಳಿಂದ ನನಗೆ ಗಟ್ಟಿಯಾಗಿ ತಿಳಿದದ್ದು ಒಂದೇ ಸಂಗತಿ. ಅದನ್ನು ಫೋನಿನಲ್ಲಿ ಎರಡು ನಿಮಿಷಕ್ಕೆ ಹೇಳಲು ಆಗುವುದಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಏಜೆಂಟ್ ಅನ್ನುವ ವೃತ್ತಿ ಹುಟ್ಟಿದ್ದು ಲಂಡನ್ನಿನಲ್ಲಿ. 1870ರ ದಶಕದಲ್ಲಿ ಎ. ಪಿ. ವಾಟ್ ಎಂಬ ಸ್ಕಾಟ್ಲೆಂಡಿನವರು ಲೇಖಕರ ಪರವಾಗಿ ಪ್ರಕಾಶಕರ ಜೊತೆ ಮಾತುಕತೆ ನಡೆಸಿ, ಬಂದ ಹಣದಲ್ಲಿ ನೂರಕ್ಕೆ ಹತ್ತು ತೆಗೆದುಕೊಳ್ಳುವ ಪದ್ಧತಿ ತಂದರು. ಕಿಪ್ಲಿಂಗ್ ಅವರಿಗೂ ಇವರೇ ಏಜೆಂಟ್. ಈಗ ಇಂಗ್ಲಿಷ್ ಲೋಕದಲ್ಲಿ ಆ ಪಾಲು ಸಾಮಾನ್ಯವಾಗಿ ನೂರಕ್ಕೆ ಹದಿನೈದು. ಹೊರದೇಶದ ಹಕ್ಕು, ಅನುವಾದದ ಹಕ್ಕು ಮಾರಿದರೆ ಇಪ್ಪತ್ತು. ಅಲ್ಲಿನ ದೊಡ್ಡ ಪ್ರಕಾಶನ ಸಂಸ್ಥೆಗಳಲ್ಲಿ ಹೆಚ್ಚಿನವು ಏಜೆಂಟ್ ಮೂಲಕ ಬರದ ಹಸ್ತಪ್ರತಿಯನ್ನು ತೆರೆದೂ ನೋಡುವುದಿಲ್ಲ. ಭಾರತದಲ್ಲಿ ಅಷ್ಟು ಬಿಗಿಯಿಲ್ಲ. ಇಲ್ಲಿನ ಇಂಗ್ಲಿಷ್ ಪ್ರಕಾಶಕರಲ್ಲಿ ಕೆಲವರು ಲೇಖಕರಿಂದ, ಅನುವಾದಕರಿಂದ ನೇರವಾಗಿಯೂ ತೆಗೆದುಕೊಳ್ಳುತ್ತಾರೆ. ಹೊರಗಿನ ಸಣ್ಣ ಪ್ರಕಾಶನಗಳಲ್ಲೂ ಅಂಥವು ಇವೆ. ಏಜೆಂಟ್ ಇಲ್ಲದೆ ಗತಿಯೇ ಇಲ್ಲ ಎಂಬ ಮಾತು ಪೂರ್ತಿ ನಿಜವಲ್ಲ.

ನನಗೆ ತಿಳಿದ ಆ ಒಂದು ಸಂಗತಿ ಇದು: ಏಜೆಂಟ್ ನಿಮ್ಮ ಪುಸ್ತಕದ ತೀರ್ಪುಗಾರ ಅಲ್ಲ, ಪೋಷಕನೂ ಅಲ್ಲ. ಅವರು ನಿಮ್ಮ ಪುಸ್ತಕದ ಬಗ್ಗೆ ಇನ್ನೊಬ್ಬರಿಗೆ ಹೇಳಬೇಕಾದವರು. ನಿಮ್ಮ ಕಾಗದ ಓದಿ ಮುಗಿಸಿದ ಮೇಲೆ ಅವರು ಒಬ್ಬ ಸಂಪಾದಕರಿಗೆ ಕಾಗದ ಬರೆಯಬೇಕು. ಆ ಸಂಪಾದಕರು ತಮ್ಮ ಸಂಸ್ಥೆಯ ಮಾರಾಟದವರಿಗೆ ಹೇಳಬೇಕು. ಮಾರಾಟದವರು ಅಂಗಡಿಯವರಿಗೆ ಹೇಳಬೇಕು. ಪುಸ್ತಕ ಬಾಯಿಂದ ಬಾಯಿಗೆ ದಾಟುತ್ತಾ ಹೋಗುತ್ತದೆ. ನಾನು ಕಂಡ ತಪ್ಪುಗಳೆಲ್ಲ ಈ ಮೂರನೆಯ ಮನುಷ್ಯನನ್ನು ಮರೆತದ್ದರಿಂದ ಆದವು.

ಇದಕ್ಕೆ ಮೈಸೂರಿನದೇ ಉದಾಹರಣೆ ಇದೆ. ಆರ್. ಕೆ. ನಾರಾಯಣರ ಮೊದಲ ಕಾದಂಬರಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಇಂಗ್ಲೆಂಡಿನ ಪ್ರಕಾಶಕರಿಂದ ಮತ್ತೆ ಮತ್ತೆ ವಾಪಸ್ ಬಂತು. ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದ ಗೆಳೆಯ ಪೂರ್ಣ ಅವರಿಗೆ ಬೇಸತ್ತ ನಾರಾಯಣ್, ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕು ಎಂದು ಬರೆದರಂತೆ. ಪೂರ್ಣ ಹಾಗೆ ಮಾಡದೆ ಅದನ್ನು ಗ್ರಹಾಂ ಗ್ರೀನ್ ಅವರಿಗೆ ಓದಿಸಿದರು. ಗ್ರೀನ್ ಹ್ಯಾಮಿಷ್ ಹ್ಯಾಮಿಲ್ಟನ್ ಎಂಬ ಪ್ರಕಾಶಕರಿಗೆ ಹೇಳಿದರು, 1935ರಲ್ಲಿ ಪುಸ್ತಕ ಬಂತು. ನಾರಾಯಣಸ್ವಾಮಿ ಎಂಬ ಉದ್ದದ ಹೆಸರನ್ನು ನಾರಾಯಣ್ ಎಂದು ಮೊಟಕು ಮಾಡಿಸಿದವರೂ ಗ್ರೀನ್. ಇಂಗ್ಲಿಷ್ ಅಂಗಡಿಯಲ್ಲಿ ಓದುಗನೊಬ್ಬ ಆ ಹೆಸರು ಹೇಳಿ ಪುಸ್ತಕ ಕೇಳಬೇಕಲ್ಲ!

ಈ ಕಥೆಯನ್ನು ನಾವು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ, ದೊಡ್ಡವರ ಪರಿಚಯ ಬೇಕು ಎಂಬ ನೀತಿ ತೆಗೆಯುತ್ತೇವೆ. ಮುಂದಿನದು ಹೆಚ್ಚು ಮುಖ್ಯ. ಪುಸ್ತಕ ಮಾರಾಟವಾಗಲಿಲ್ಲ, ಹ್ಯಾಮಿಲ್ಟನ್ ಕೈಬಿಟ್ಟರು. 1937ರ 'ದಿ ಬ್ಯಾಚುಲರ್ ಆಫ್ ಆರ್ಟ್ಸ್' ನೆಲ್ಸನ್ ಸಂಸ್ಥೆಯಿಂದ, 1938ರ 'ದಿ ಡಾರ್ಕ್ ರೂಮ್' ಮ್ಯಾಕ್‌ಮಿಲನ್‌ನಿಂದ ಬಂದವು. ಮೂರು ಪುಸ್ತಕಕ್ಕೆ ಮೂವರು ಪ್ರಕಾಶಕರು. ಗ್ರೀನ್ ಅವರ ಏಜೆಂಟ್ ಡೇವಿಡ್ ಹೈಯಮ್ ನಾರಾಯಣರಿಗೂ ಏಜೆಂಟರಾದರು, ದಶಕಗಳ ಕಾಲ ಹಾಗೇ ಉಳಿದರು. ಪ್ರಕಾಶಕರು ಬದಲಾದರೂ ಜೊತೆಗೇ ಉಳಿದು, ಮೈಸೂರಿನಲ್ಲಿ ಕೂತ ಲೇಖಕನ ಪರವಾಗಿ ಲಂಡನ್ನಿನಲ್ಲಿ ಮಾತಾಡುವುದು, ಇದು ಏಜೆಂಟ್ ಕೆಲಸ. ನೀವು ಕಾಗದ ಬರೆಯುವುದು ಇಂಥ ಕೆಲಸ ಮಾಡುವವರಿಗೆ.

ಆದರೆ ನಮ್ಮ ಕಡೆಯಿಂದ ಬರುತ್ತಿದ್ದ ಕಾಗದಗಳು ಹೇಗಿದ್ದವು? ಹೆಚ್ಚಿನವು ಲೇಖಕರ ಪರಿಚಯದಿಂದ ಶುರುವಾಗುತ್ತಿದ್ದವು. ಹುಟ್ಟಿದ ಊರು, ಓದಿದ ಶಾಲೆ, ಬಂದ ಪ್ರಶಸ್ತಿ, ಭಾಗವಹಿಸಿದ ಸಮ್ಮೇಳನ, ಅಧ್ಯಕ್ಷತೆ ವಹಿಸಿದ ಕವಿಗೋಷ್ಠಿ. ಜೊತೆಗೆ ಶಾಲು, ಹಾರ, ಹಣ್ಣಿನ ಬುಟ್ಟಿಯ ಫೋಟೋ. ಒಬ್ಬರು ಹಿರಿಯ ವಿಮರ್ಶಕರ ಹನ್ನೊಂದು ಪುಟದ ಮುನ್ನುಡಿಯನ್ನು ಇಂಗ್ಲಿಷಿಗೆ ಮಾಡಿಸಿ ಕಳಿಸಿದ್ದರು. ಕಾದಂಬರಿಯ ಒಂದು ಪುಟವೂ ಜೊತೆಯಲ್ಲಿರಲಿಲ್ಲ. ನಗುವ ವಿಷಯ ಅಲ್ಲ ಇದು. ನಮ್ಮಲ್ಲಿ ಪುಸ್ತಕ ಹೊರಬರುವುದೇ ಹಾಗೆ. ಹಿರಿಯರ ಮುನ್ನುಡಿ, ಇನ್ನೊಬ್ಬರ ಬೆನ್ನುಡಿ, ಬಿಡುಗಡೆಯ ದಿನ ಮೂವರ ಮಾತು. ಕೃತಿಯನ್ನು ಬೇರೆಯವರು ಪರಿಚಯಿಸಬೇಕು, ಲೇಖಕ ತಲೆತಗ್ಗಿಸಿ ಕೂತಿರಬೇಕು. ತನ್ನ ಕಥೆಯ ಬಗ್ಗೆ ತಾನೇ ಮಾತಾಡುವುದು ನಮಗೆ ಜಂಭದಂತೆ ಕಾಣುತ್ತದೆ. ಹಾಗಾಗಿ ತನ್ನ ಬಗ್ಗೆ ಎರಡು ಪುಟ ಬರೆಯುವ ಲೇಖಕ ಕೃತಿಯ ಬಗ್ಗೆ "ಇದು ಗ್ರಾಮೀಣ ಬದುಕಿನ ತಲ್ಲಣಗಳನ್ನು ಚಿತ್ರಿಸುವ ಕಾದಂಬರಿ" ಎಂದು ಒಂದು ಸಾಲು ಬರೆದು ಕೈಮುಗಿಯುತ್ತಾನೆ.

ಆ ಸಾಲು ಹಿಡಿದುಕೊಂಡು ಏಜೆಂಟ್ ಏನು ಮಾಡಬೇಕು? ಸಂಪಾದಕರು "ಯಾರ ಬದುಕು? ಏನು ತಲ್ಲಣ?" ಎಂದು ಕೇಳಿದರೆ ಅವರ ಹತ್ತಿರ ಉತ್ತರ ಇಲ್ಲ. ಹಣ್ಣಿನ ಬುಟ್ಟಿಯ ಫೋಟೋದಲ್ಲೂ ಇಲ್ಲ.

ಇಂಗ್ಲಿಷಿನಲ್ಲಿ ಕ್ವೆರಿ ಲೆಟರ್ ಎನ್ನುವ ಈ ಕಾಗದ ಒಂದು ಪುಟ ದಾಟಬಾರದು. ಪುಸ್ತಕದ ಹೆಸರು, ಯಾವ ಬಗೆಯದು, ಎಷ್ಟು ಪದ, ಮೂಲ ಯಾವ ಭಾಷೆ ಎಂಬುದಕ್ಕೆ ಒಂದೆರಡು ಸಾಲು. ಕಥೆಗೆ ಎರಡು ಸಣ್ಣ ಪ್ಯಾರಾ: ಮುಖ್ಯ ಪಾತ್ರ ಯಾರು, ಅವರಿಗೆ ಏನು ಬೇಕು, ಯಾವುದು ಅಡ್ಡ ಬಂದಿದೆ, ಸೋತರೆ ಏನು ಕಳೆದುಕೊಳ್ಳುತ್ತಾರೆ. ನಿಮ್ಮ ಬಗ್ಗೆ ಮೂರು ಸಾಲು ಸಾಕು. ಪ್ರಶಸ್ತಿ ಬಂದಿದ್ದರೆ ಅದಕ್ಕೆ ಅಲ್ಲೇ ಜಾಗ. ಇದರ ಜೊತೆ ಒಂದೆರಡು ಪುಟದ ಸಾರಾಂಶ, ಆಮೇಲೆ ಪುಸ್ತಕದ ಮೊದಲ ಕೆಲವು ಪುಟಗಳು. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಮೊದಲ ಮೂರು ಅಧ್ಯಾಯ ಕೇಳುತ್ತಾರೆ, ಅಮೆರಿಕದಲ್ಲಿ ಹಲವರು ಐದೋ ಹತ್ತೋ ಪುಟ ಸಾಕೆನ್ನುತ್ತಾರೆ. ಪ್ರತಿ ಏಜೆನ್ಸಿಯೂ ತನಗೆ ಏನು ಬೇಕು, ಯಾವ ಬಗೆಯ ಪುಸ್ತಕ ಬೇಡ ಎಂದು ತನ್ನ ತಾಣದಲ್ಲಿ ಬರೆದಿರುತ್ತದೆ. ಮಕ್ಕಳ ಪುಸ್ತಕ ತೆಗೆದುಕೊಳ್ಳುವುದಿಲ್ಲ ಎಂದವರಿಗೆ ಮಕ್ಕಳ ಪುಸ್ತಕ ಕಳಿಸಿ ಏನು ಪ್ರಯೋಜನ?

ಸಾರಾಂಶದ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. "ಕೊನೆಗೆ ಸಾವಿತ್ರಿ ಏನು ಮಾಡಿದಳು ಎಂಬುದನ್ನು ಓದಿಯೇ ತಿಳಿಯಬೇಕು" ಎಂದು ಮುಗಿಯುವ ಸಾರಾಂಶಗಳನ್ನು ನಾನು ಲೆಕ್ಕವಿಲ್ಲದಷ್ಟು ಓದಿದ್ದೇನೆ. ಧಾರಾವಾಹಿ ಓದಿ ಬೆಳೆದವರು ನಾವು. ಕುತೂಹಲ ಉಳಿಸಬೇಕೆಂಬುದು ನಮ್ಮ ರಕ್ತದಲ್ಲೇ ಇದೆ. ಆದರೆ ಸಾರಾಂಶ ಓದುಗನಿಗೆ ಬರೆದದ್ದಲ್ಲ. ಕಥೆ ಎಲ್ಲಿ ಮುಟ್ಟುತ್ತದೆ ಎಂದು ತಿಳಿಯದೆ ಅದನ್ನು ಇನ್ನೊಬ್ಬರ ಮುಂದೆ ಇಡಲು ಆಗುವುದಿಲ್ಲ. ಅಂತ್ಯವನ್ನು ಹೇಳಲೇಬೇಕು. ಹಾಗೆಯೇ ಮೊದಲ ಅಧ್ಯಾಯ ಬಿಟ್ಟು "ಹನ್ನೆರಡನೆಯದು ಚೆನ್ನಾಗಿದೆ" ಎಂದು ಅದನ್ನು ಕಳಿಸುವುದೂ ಸಲ್ಲದು. ಅಂಗಡಿಯಲ್ಲಿ ಪುಸ್ತಕ ತೆರೆಯುವವನು ಹನ್ನೆರಡನೇ ಅಧ್ಯಾಯದಿಂದ ಶುರು ಮಾಡುವುದಿಲ್ಲ. ಹನ್ನೆರಡನೆಯದರಿಂದಲೇ ಪುಸ್ತಕ ಜೀವ ಪಡೆಯುವುದಾದರೆ ತಿದ್ದಬೇಕಾದ್ದು ಕಾಗದವನ್ನಲ್ಲ, ಪುಸ್ತಕವನ್ನು.

ಹೋಲಿಕೆಗೂ ಒಂದು ಹದ ಬೇಕು. ಇಂಗ್ಲಿಷ್ ಏಜೆಂಟರು ಈಚಿನ ವರ್ಷಗಳ ಒಂದೆರಡು ಪುಸ್ತಕಗಳನ್ನು ಹೆಸರಿಸಿ, ಅವನ್ನು ಮೆಚ್ಚಿದವರು ಇದನ್ನೂ ಓದಬಹುದು ಎಂಬ ಸೂಚನೆ ಬಯಸುತ್ತಾರೆ. ಟಾಲ್‌ಸ್ಟಾಯ್, ಮಾರ್ಕ್ವೆಜ್, ಕುವೆಂಪು ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಯಾವ ಕಪಾಟಿನಲ್ಲಿ ಇಡಬೇಕೆಂಬುದು ಅವರ ಪ್ರಶ್ನೆ. "ಇಂಥ ಕೃತಿ ಇದುವರೆಗೆ ಬಂದಿಲ್ಲ" ಎಂಬುದಂತೂ ಇನ್ನೂ ಕಷ್ಟ. ಓದುಗರು ಯಾರು ಎಂದು ಲೇಖಕರು ಯೋಚಿಸಿಲ್ಲ ಎಂದೇ ಅದರ ಅರ್ಥವಾಗಿಬಿಡುತ್ತದೆ.

ಉದ್ದದ ಬಗ್ಗೆಯೂ ಕೇಳುತ್ತಾರೆ. ಮೊದಲ ಕಾದಂಬರಿ ಎಂಬತ್ತು ಸಾವಿರದಿಂದ ಒಂದು ಲಕ್ಷ ಪದದೊಳಗೆ ಇರಲಿ ಎಂಬುದು ಇಂಗ್ಲಿಷಿನಲ್ಲಿ ರೂಢಿಯ ಮಾತು. ಕಥಾಸಂಕಲನ ಮಾರುವುದು ಕಷ್ಟ, ಕವನ ಸಂಕಲನಕ್ಕೆ ಏಜೆಂಟರು ಸಿಗುವುದು ಇನ್ನೂ ಅಪರೂಪ ಎಂಬುದೂ ಅಂಥದ್ದೇ ಮಾತು. ಕನ್ನಡದ ಎರಡು ಪುಸ್ತಕಗಳು ಈ ರೂಢಿಯನ್ನು ದಾಟಿವೆ. ಶ್ರೀನಾಥ್ ಪೇರೂರ್ ಅನುವಾದಿಸಿದ ವಿವೇಕ ಶಾನಭಾಗರ 'ಘಾಚರ್ ಘೋಚರ್' ನೂರಿಪ್ಪತ್ತು ಪುಟದ ಆಸುಪಾಸಿನದು. 'ಹಾರ್ಟ್ ಲ್ಯಾಂಪ್' 1990ರಿಂದ 2023ರವರೆಗೆ ಬರೆದ ಹನ್ನೆರಡು ಕಥೆಗಳ ಸಂಕಲನ. ಇಂಟರ್‌ನ್ಯಾಷನಲ್ ಬುಕರ್ ಪಡೆದ ಮೊದಲ ಕಥಾಸಂಕಲನ. ಅದನ್ನು ಇಂಗ್ಲೆಂಡಿನಲ್ಲಿ ತಂದದ್ದು ಆ್ಯಂಡ್ ಅದರ್ ಸ್ಟೋರೀಸ್ ಎಂಬ ಸಣ್ಣ ಪ್ರಕಾಶನ. ರೂಢಿ ತಿಳಿದಿರಲಿ, ಆದರೆ ಅದಕ್ಕಾಗಿ ಕಥೆಯನ್ನು ಎಳೆದು ಕಾದಂಬರಿ ಮಾಡಬೇಡಿ.

ಇನ್ನು ಸಣ್ಣ ಸಂಗತಿಗಳು. ನಲವತ್ತು ಏಜೆಂಟರ ವಿಳಾಸವನ್ನು ಒಂದೇ ಇಮೇಲಿನಲ್ಲಿ ಹಾಕಿ ಮದುವೆಯ ಕರೆಯೋಲೆಯಂತೆ ಹಂಚಬೇಡಿ. ಒಬ್ಬೊಬ್ಬರಿಗೂ ಬೇರೆಬೇರೆ, ಅವರ ಹೆಸರು ಹಿಡಿದು ಬರೆಯಿರಿ. ಒಂದೇ ಸಮಯಕ್ಕೆ ಹಲವರಿಗೆ ಬರೆಯುವುದು ತಪ್ಪಲ್ಲ, ಆದರೆ ಒಬ್ಬರು ಒಪ್ಪಿದ ಕೂಡಲೇ ಉಳಿದವರಿಗೆ ತಿಳಿಸಬೇಕು. ಈಚೆಗೆ ಯಂತ್ರದಿಂದ ಬರೆಸಿದ ಕಾಗದಗಳು ಬರುತ್ತಿವೆ ಎಂದು ಹಳೆಯ ಸಹೋದ್ಯೋಗಿಗಳು ಹೇಳುತ್ತಾರೆ. ವ್ಯಾಕರಣದಲ್ಲಿ ತಪ್ಪಿಲ್ಲ, ಆದರೆ ಹತ್ತು ಕಾಗದ ಒಂದೇ ಥರ. ಉತ್ತರಕ್ಕೆ ಎರಡು ಮೂರು ತಿಂಗಳು ಹಿಡಿಯುತ್ತದೆ, ಎಷ್ಟೋ ಸಲ ಮೌನವೇ ಉತ್ತರ. ಒಪ್ಪಿಗೆಯಿಲ್ಲ ಎಂದು ಬರೆದವರಿಗೆ ತಿರುಗಿ ಬೈದು ಬರೆದರೆ ಕನ್ನಡದ ಮುಂದಿನ ಲೇಖಕನಿಗೂ ಬಾಗಿಲು ಸ್ವಲ್ಪ ಮುಚ್ಚಿದಂತೆ.

ದುಡ್ಡಿನ ವಿಷಯ ಮಾತ್ರ ಒತ್ತಿ ಹೇಳಬೇಕು. ಒಳ್ಳೆಯ ಏಜೆಂಟ್ ನಿಮ್ಮಿಂದ ಹಣ ಕೇಳುವುದಿಲ್ಲ. ಪುಸ್ತಕ ಮಾರಿ ಬಂದ ಹಣದಲ್ಲಿ ತನ್ನ ಪಾಲು ತೆಗೆದುಕೊಳ್ಳುತ್ತಾರೆ. ಓದುವ ಶುಲ್ಕ, ನೋಂದಣಿ ಶುಲ್ಕ, "ಅಂತರರಾಷ್ಟ್ರೀಯ ಪ್ರಚಾರ ಪ್ಯಾಕೇಜ್" ಎಂದು ಯಾರಾದರೂ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ನಿಮ್ಮ ಪುಸ್ತಕವನ್ನು ಕಂಡಾಪಟ್ಟೆ ಹೊಗಳಿ ತಾವಾಗಿಯೇ ಬರುವ ಇಮೇಲುಗಳ ಬಗ್ಗೆಯೂ ಎಚ್ಚರ. ನಿಜವಾದ ಏಜೆಂಟರ ಹೆಸರನ್ನೇ ಕದ್ದು ಬರೆಯುವ ವಂಚಕರೂ ಇದ್ದಾರೆ. 1998ರಿಂದ ಕೆಲಸ ಮಾಡುತ್ತಿರುವ ರೈಟರ್ ಬಿವೇರ್ ಎಂಬ ಲೇಖಕರ ಕಾವಲು ಬಳಗ ಇಂಥವನ್ನು ಬಯಲು ಮಾಡುತ್ತಲೇ ಇರುತ್ತದೆ. ಕನ್ನಡದಲ್ಲಿ ಎಷ್ಟೋ ಲೇಖಕರು ಕೈಯಿಂದ ದುಡ್ಡು ಹಾಕಿಯೇ ಪುಸ್ತಕ ತಂದಿರುತ್ತಾರೆ. ಹಾಗಾಗಿ ಹಣ ಕೇಳಿದರೆ ನಮಗೆ ಅನುಮಾನವೇ ಬರುವುದಿಲ್ಲ. ಬರಬೇಕು.

ಇವೆಲ್ಲ ತಿದ್ದಿಕೊಳ್ಳಬಹುದಾದ ತಪ್ಪುಗಳು. ತಿದ್ದಲಾಗದ ಒಂದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಹಾಸನದ ಕಡೆಯ ಹಿರಿಯ ಲೇಖಕರೊಬ್ಬರ ಕಾದಂಬರಿ ಅದು. ಅನುವಾದಕಿ ಕಳಿಸಿದ ಕಾಗದದಲ್ಲಿ ಒಂದು ಪದವೂ ಹೆಚ್ಚಿರಲಿಲ್ಲ. ಕಥೆ ಒಂದು ಕೆರೆಯದು, ಅದರ ನೀರುಗಂಟಿಯದು. ಮಳೆ ಹಿಡಿದು ಕೆರೆ ಕೋಡಿ ಬೀಳುವ ರಾತ್ರಿ ಊರಿನ ಗೌಡರು ತೂಬು ಎತ್ತು ಎನ್ನುತ್ತಾರೆ. ಎತ್ತಿದರೆ ಕೆಳಗಿನ ಕೇರಿ ಮುಳುಗುತ್ತದೆ, ಅಲ್ಲಿ ಅವನ ಮಗಳ ಮನೆಯಿದೆ. ಮೂರನೇ ಅಧ್ಯಾಯ ಮುಗಿಸಿದಾಗ ಆಫೀಸಿನಲ್ಲಿ ನಾನೊಬ್ಬಳೇ ಉಳಿದಿದ್ದೆ. ಏಜೆಂಟರು ಓದಿದರು, ಮೆಚ್ಚಿದರು, ಲಂಡನ್ನಿನ ಒಬ್ಬ ಸಂಪಾದಕರಿಗೆ ಬಾಯಿಮಾತಿನಲ್ಲಿ ಹೇಳಿಯೂ ಇದ್ದರು. ಆಮೇಲೆ ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದರು: ಹಕ್ಕು ಯಾರದು?

ಲೇಖಕರು ತೀರಿಕೊಂಡು ಎಂಟು ವರ್ಷವಾಗಿತ್ತು. "ನೀವೇ ಮಾಡಿ, ಎಲ್ಲಿ ಬೇಕಾದರೂ ಹಾಕಿ" ಎಂದು ಅವರು ಅನುವಾದಕಿಗೆ ಕಾಫಿ ಕುಡಿಯುತ್ತಾ ಹೇಳಿದ್ದರು. ಬರಹದಲ್ಲಿ ಏನೂ ಇರಲಿಲ್ಲ. ಪುಸ್ತಕದ ಒಳಪುಟದಲ್ಲಿ 'ಹಕ್ಕು: ಪ್ರಕಾಶಕರದು' ಎಂದು ಅಚ್ಚಾಗಿತ್ತು; ಆ ಪ್ರಕಾಶನ ಮುಚ್ಚಿಹೋಗಿತ್ತು. ಕರಾರು ಪತ್ರ ಯಾರ ಮನೆಯಲ್ಲೂ ಸಿಗಲಿಲ್ಲ. ಮೂವರು ಮಕ್ಕಳಲ್ಲಿ ಇಬ್ಬರು ಸಹಿ ಹಾಕಿದರು. ಆಸ್ತಿಯ ವಿಚಾರದಲ್ಲಿ ಅವರೊಂದಿಗೆ ಮಾತು ಬಿಟ್ಟಿದ್ದ ಮೂರನೆಯವರು ಉತ್ತರಿಸಲಿಲ್ಲ. ಆರು ತಿಂಗಳ ಮೇಲೆ ಕಡತ ಮುಚ್ಚಿದೆವು. ನಾಲ್ಕು ವರ್ಷದ ಅನುವಾದ ಆ ಹೆಣ್ಣುಮಗಳ ಕಂಪ್ಯೂಟರಿನಲ್ಲಿ ಈಗಲೂ ಇದೆ. ಆ ನೀರುಗಂಟಿಯನ್ನು ಇಂಗ್ಲಿಷಿನಲ್ಲಿ ಓದಿದವರು ನಾವು ನಾಲ್ಕೈದು ಜನ, ಅಷ್ಟೇ.

ಕಾನೂನು ಅಷ್ಟು ಕಷ್ಟದ್ದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅನುವಾದದ ಹಕ್ಕು ಕೃತಿಸ್ವಾಮ್ಯದ ಒಂದು ಭಾಗ. ಕೃತಿಸ್ವಾಮ್ಯವನ್ನು ಇನ್ನೊಬ್ಬರಿಗೆ ವಹಿಸಿಕೊಡುವುದಾದರೆ ಅದು ಬರಹದಲ್ಲಿರಬೇಕು, ಸಹಿ ಇರಬೇಕು, ಯಾವ ಹಕ್ಕು ಎಂಬುದು ಸ್ಪಷ್ಟವಾಗಿರಬೇಕು. ಆ ಪತ್ರದಲ್ಲಿ ಅವಧಿ ಹೇಳಿರದಿದ್ದರೆ ಐದು ವರ್ಷ, ಪ್ರದೇಶ ಹೇಳಿರದಿದ್ದರೆ ಭಾರತ ಎಂದೇ ಲೆಕ್ಕ. ಲೇಖಕರ ಕಾಲಾನಂತರ ಅರವತ್ತು ವರ್ಷ ಹಕ್ಕು ವಾರಸುದಾರರದು. ಅಂದರೆ ಗೌರವ ಪ್ರತಿಗಳನ್ನೇ ಸಂಭಾವನೆ ಎಂದುಕೊಂಡು ಯಾವ ಕಾಗದಕ್ಕೂ ಸಹಿ ಹಾಕದ ಎಷ್ಟೋ ಕನ್ನಡ ಲೇಖಕರ ಕೈಯಲ್ಲಿ ಅವರ ಹಕ್ಕು ಇನ್ನೂ ಇದೆ, ಒಳಪುಟದಲ್ಲಿ ಏನೇ ಅಚ್ಚಾಗಿರಲಿ. ಆದರೆ ಅದನ್ನು ಲೇಖಕರು ಬದುಕಿರುವಾಗಲೇ ಖಚಿತ ಮಾಡಿಕೊಳ್ಳಬೇಕು. ಅನುವಾದಕರ ಜೊತೆ ಒಂದು ಪುಟದ ಒಪ್ಪಂದ ಸಾಕು: ಯಾವ ಕೃತಿ, ಯಾವ ಭಾಷೆಗೆ, ಎಷ್ಟು ವರ್ಷ, ಬಂದದ್ದರಲ್ಲಿ ಯಾರಿಗೆ ಎಷ್ಟು. ಇಂಟರ್‌ನ್ಯಾಷನಲ್ ಬುಕರ್‌ನ ಐವತ್ತು ಸಾವಿರ ಪೌಂಡ್ ಲೇಖಕರಿಗೂ ಅನುವಾದಕರಿಗೂ ಸಮಪಾಲು. ಇಷ್ಟು ಬರೆದುಕೊಳ್ಳಲು ಸ್ನೇಹ ಅಡ್ಡ ಬರಬಾರದು. ನಮ್ಮಲ್ಲಿ ಅಡ್ಡ ಬರುವುದು ಅದೇ: "ಅವರ ಹತ್ತಿರ ಕಾಗದ ಕೇಳುವುದು ಹೇಗೆ?" ಎಂಬ ದಾಕ್ಷಿಣ್ಯ.

ಹಾಗಾಗಿ ಏಜೆಂಟ್ ನಂಬರ್ ಕೇಳಿ ಫೋನ್ ಮಾಡುವವರಿಗೆ ನಾನು ಮೊದಲು ಹಕ್ಕಿನ ಕಾಗದ ಇದೆಯೇ ಎಂದು ಕೇಳುತ್ತೇನೆ. ಇದೆ ಎಂದವರಿಗೆ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಪುಸ್ತಕ ಓದಿರದ ಮನೆಯವರೊಬ್ಬರಿಗೆ ಅದರ ಕಥೆಯನ್ನು ನಾಲ್ಕೈದು ಮಾತಿನಲ್ಲಿ, ಅಂತ್ಯವೂ ಸೇರಿದಂತೆ ಹೇಳಿ. ಮಾರನೇ ದಿನ ಅದನ್ನು ಪಕ್ಕದ ಮನೆಯವರಿಗೆ ಹೇಳಲು ಅವರಿಗೇ ಹೇಳಿ, ನೀವು ದೂರ ಕೂತು ಕೇಳಿಸಿಕೊಳ್ಳಿ. ಅವರ ಬಾಯಲ್ಲಿ ಏನು ಉಳಿದಿದೆಯೋ ಅದೇ ನಿಮ್ಮ ಕಾಗದದ ನಡುವಿನ ಎರಡು ಪ್ಯಾರಾ. ಏನೂ ಉಳಿದಿಲ್ಲವಾದರೆ ನಂಬರ್ ಸಿಕ್ಕರೂ ಸದ್ಯಕ್ಕೆ ಉಪಯೋಗವಿಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ 'ಇಲ್ಲ' ಎಂಬ ಉತ್ತರ ಬರಬಹುದು. ಅದು ಲಂಡನ್ನಿನ ಅಥವಾ ದೆಹಲಿಯ ಒಂದು ಮೇಜಿನ 'ಇಲ್ಲ', ಅಷ್ಟೇ. ನಿಮ್ಮ ಕಾದಂಬರಿಗೆ ಹಾವೇರಿಯಲ್ಲೋ ಹೊಸಪೇಟೆಯಲ್ಲೋ ಸಿಕ್ಕ ಓದುಗರು ಅದರಿಂದ ಕಡಿಮೆಯಾಗುವುದಿಲ್ಲ. ಅವರಲ್ಲಿ ಯಾರೋ ಒಬ್ಬರು ಅದರ ಕಥೆಯನ್ನು ಈಗಾಗಲೇ ಇನ್ನೊಬ್ಬರಿಗೆ ಹೇಳಿರುತ್ತಾರೆ.